ಎದುರು ಮನೆಯ ಶನಿವಾರ

ಮೊನ್ನೆ ಜನ್ನಾಪುರದಲ್ಲಿರುವ ಮೊಮ್ಮಗಳ ಮನೆಗೆ ಹೋಗಿದ್ದೆ. ಪಕ್ಕದ ಮನೆಯವರು ಹಳೆಯ ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತದಿರಲಿ ಅಂತ ಡಾಂಬರು ಬಳಿಯುತ್ತಿದ್ದರು. ಬಸ್ಸಿಳಿದು ಗೇಟಿನ ಹತ್ತಿರ ಬರುವಷ್ಟರಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ಸುಟ್ಟ ಮರದ, ಸ್ವಲ್ಪ ಹುಳಿಯಾದ, ಗಂಟಲಲ್ಲಿ ಕೂತುಬಿಡುವ ವಾಸನೆ. ನಾನು ಮದುವೆಯಾಗಿ ಭದ್ರಾವತಿಗೆ ಬಂದಾಗ ಇಡೀ ಊರಿಗೆ ಇದೇ ವಾಸನೆ. ಕಬ್ಬಿಣ ಕರಗಿಸುವುದಕ್ಕೆ ಆಗ ಇದ್ದಿಲು ಬೇಕಿತ್ತು. ಕಾಡಿನ ಮರವೆಲ್ಲ ಬಂದು ಇಲ್ಲಿ ಇದ್ದಿಲಾಗುತ್ತಿತ್ತು. ಒಣಹಾಕಿದ ಸೀರೆ, ಹಾಸಿದ ಹಾಸಿಗೆ, ಕೂದಲು, ಎಲ್ಲದರಲ್ಲೂ ಆ ಹೊಗೆ.

"ಯಾಕಜ್ಜಿ, ತಲೆ ಸುತ್ತುತ್ತಾ?" ಅಂತ ಮೊಮ್ಮಗಳು ಕೈ ಹಿಡಿದಳು.

ತಲೆ ಸುತ್ತಿರಲಿಲ್ಲ. ಒಂದು ವರ್ಷ ನೆನಪಾಗಿತ್ತು. ಬರ್ಮಾ ಜಪಾನಿನವರ ಕೈಗೆ ಹೋದ ಮರುವರ್ಷ. ಇಬ್ಬರು ಗಂಡಸರು ಸತ್ತೂ ಇರದೆ, ಬದುಕಿಯೂ ಇರದೆ, ನಮ್ಮ ಬೀದಿಯಲ್ಲಿ ಓಡಾಡಿಕೊಂಡಿದ್ದ ವರ್ಷ.

ಒಬ್ಬರು ನನ್ನ ಭಾವ, ಒಡಹುಟ್ಟಿದ ಪದ್ಮಕ್ಕನ ಗಂಡ. ಶಿವಮೊಗ್ಗದ ದುರ್ಗಿಗುಡಿಯವರು, ಗುಮಾಸ್ತೆ ಕೆಲಸ. ಇನ್ನೊಬ್ಬರು ಭದ್ರಾವತಿಯಲ್ಲಿ ನಮ್ಮ ಎದುರು ಮನೆಯ ಸ್ಯಾಮ್ಸನ್, ಕಾರ್ಖಾನೆಯಲ್ಲಿ ಮೇಸ್ತ್ರಿ. ಭಾವ ನಮ್ಮ ಮನೆಗೆ ಬಂದಾಗೆಲ್ಲ ಎದುರು ಮನೆಯ ಜಗಲಿಗೆ ಹೋಗಿ ಕೂರುತ್ತಿದ್ದರು. ಇಬ್ಬರಿಗೂ ರಂಗೂನಿನ ಹುಚ್ಚು ಹಿಡಿದದ್ದು ಅಲ್ಲೇ. ಅಲ್ಲಿನ ಒಂದು ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸ ಸಿಕ್ಕಿ, ಒಂದೇ ದಿನ, ಒಂದೇ ರೈಲು ಹತ್ತಿ ಹೋದರು. ಸ್ಯಾಮ್ಸನ್ ಕಾಗದ ಯುದ್ಧ ಅಲ್ಲಿಗೆ ಬರುವ ತನಕ ತಪ್ಪದೆ ಬರುತ್ತಿತ್ತು. ಭಾವನದು ಎರಡನೇ ವರ್ಷಕ್ಕೇ ಚಿಕ್ಕದಾಗುತ್ತ ನಿಂತುಹೋಯಿತು. ಅವನು ಹುಟ್ಟಾ ಸೋಮಾರಿ, ಕಾಗದ ಬರೆಯೋನಲ್ಲ ಅಂತ ಪದ್ಮಕ್ಕನ ಅತ್ತೆ ಹೇಳಿಕೊಂಡರು. ಆಮೇಲೆ ರಂಗೂನಿನ ಮೇಲೆ ಬಾಂಬು ಬಿತ್ತು. ಜನ ಬೆಟ್ಟ ಕಾಡು ಹತ್ತಿಳಿದು ನಡೆದು ಬರುತ್ತಿದ್ದಾರೆ ಅಂತ ಪೇಪರಿನಲ್ಲಿ ಬಂತು. ಬಂದವರಲ್ಲಿ ಇವರಿಬ್ಬರೂ ಇರಲಿಲ್ಲ.

ದುರ್ಗಿಗುಡಿಯ ಮನೆಯಲ್ಲಿ ಅತ್ತೆ ದಿನಾ ಮಗನಿಗೂ ಒಂದು ಎಲೆ ಹಾಕಿ ಬಡಿಸುತ್ತಿದ್ದರು. ಎಲ್ಲರ ಊಟವಾದ ಮೇಲೆ ಅದನ್ನು ದನಕ್ಕೆ ಹಾಕುವುದು. "ಪಕ್ಕದ ಎಲೆ ಮುಂದೆ ಯಾರೋ ಕೂತು ನಾನು ತಿನ್ನೋದನ್ನೇ ನೋಡ್ತಿದ್ದ ಹಾಗಿರುತ್ತೆ ಕಣೆ ಶಾರದಾ, ಗಂಟಲಲ್ಲಿ ಇಳಿಯಲ್ಲ" ಅಂದಿದ್ದಳು ಪದ್ಮಕ್ಕ. ಮಳೆ ಹಿಡಿಯುವ ಮುಂಚೆ ನನಗೆ ಮಲೇರಿಯಾ ಬಂದು ಏಳಲಾಗದೆ ಮಲಗಿದಾಗ ನನ್ನನ್ನು ನೋಡಿಕೊಳ್ಳುವುದಕ್ಕೆ ಅಂತ ಬಂದಳು. ಆ ಎಲೆಯಿಂದ ತಪ್ಪಿಸಿಕೊಂಡು ಬಂದಳು ಅಂತಲೇ ನಾನು ಈಗಲೂ ತಿಳಿದಿದ್ದೇನೆ.

ಕ್ವಿನೈನ್ ಕುಡಿಸುವುದಕ್ಕೆ ಬರುತ್ತಿದ್ದವಳು ಎಸ್ತರಕ್ಕ. ಸ್ಯಾಮ್ಸನ್ ಹೆಂಡತಿ. ಆಸ್ಪತ್ರೆಯಲ್ಲಿ ನರ್ಸು, ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸು. ಹುಬ್ಬಳ್ಳಿಯಲ್ಲಿ ಬಡಗಿ ಕೆಲಸ ಮಾಡಿಕೊಂಡಿದ್ದ ಅವಳ ತಂದೆ, ಮಗಳು ಒಂಟಿಯಾದಳೆಂದು ಬಂದು ಜೊತೆಗಿದ್ದರು. ಅವರನ್ನು ಬೀದಿಯವರೆಲ್ಲ ಬಾಬಾ ಅನ್ನುತ್ತಿದ್ದರು. ಆ ಮನೆಯ ಗೇಟಿನ ಅಗುಳಿ ಶಬ್ದವಾದರೆ ಸಾಕು, ತಂದೆ ಮಗಳು ಇಬ್ಬರೂ ಒಂದೇ ಸಲ ತಲೆ ಎತ್ತುವರು. ಬಂದವರು ಹಾಲಿನವನೋ ಪಕ್ಕದ ಮನೆಯವರೋ ಅಂತ ಕಂಡ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ತಲೆ ತಗ್ಗಿಸುವರು.

ಅವರು ಯಹೂದಿಗಳು. ಆ ಹೆಸರನ್ನೇ ನಾನು ಕೇಳಿರಲಿಲ್ಲ. ಕಿರಿಸ್ತಾನರು ಅಂದುಕೊಂಡಿದ್ದೆ, ಚರ್ಚಿಗೆ ಹೋಗುತ್ತಿರಲಿಲ್ಲ. ಸಾಬರು ಅಂದುಕೊಂಡಿದ್ದೆ, ಮಸೀದಿಗೂ ಹೋಗುತ್ತಿರಲಿಲ್ಲ. ಜ್ವರ ಇಳಿದು ಎದ್ದು ಓಡಾಡುವ ಹಾಗಾದಾಗ, ಬೇಸರ ಕಳೆಯಲು ಅವರ ಜಗಲಿಗೆ ಹೋಗಿ ಕೂರುತ್ತಿದ್ದೆ. ಕೇಳಿಯೇಬಿಟ್ಟೆ.

"ಕೊಂಕಣದ ಸಮುದ್ರದ ದಂಡೀಗೆ ನಮ್ಮ ಹಿರೇರು ಎಣ್ಣೆಗಾಣ ಹಾಕ್ಕೊಂಡಿದ್ರು, ತಂಗಿ" ಅಂದರು ಬಾಬಾ. "ಶನಿವಾರ ಎತ್ತು ಕಟ್ತಿರಲಿಲ್ಲ. ಅದಕ್ಕ ನಮಗ ಶನಿವಾರದ ಗಾಣಿಗರು ಅಂತ ಹೆಸರು ಬಂತು. ನಾವು ಯಾರು ಅನ್ನೋದು ನಮಗೂ ಮರತು ಹೋಗಿತ್ತಂತ. ಶನಿವಾರ ಮಾತ್ರ ಮರತಿರಲಿಲ್ಲ."

ಅಲ್ಲಿಂದ ನನ್ನ ಪ್ರಶ್ನೆಗಳು ಶುರುವಾದವು. ಇಪ್ಪತ್ತು ವರ್ಷದವಳು, ಮಕ್ಕಳಿರಲಿಲ್ಲ, ಓದು ನಿಲ್ಲಿಸಿದ್ದರು. ಕೇಳುವುದಕ್ಕೆ ಒಬ್ಬರು ಸಿಕ್ಕಿದ್ದೇ ಹಬ್ಬವಾಗಿತ್ತು. ಶನಿವಾರ ಬೆಂಕಿ ಹಚ್ಚುವುದಿಲ್ಲ ಅನ್ನುವವರು ಎಸ್ತರಕ್ಕನನ್ನು ಆಸ್ಪತ್ರೆಗೆ ಹೇಗೆ ಕಳಿಸುತ್ತೀರಿ? "ಜೀವ ಉಳಸಾಕ ಶನಿವಾರ ಅಡ್ಡ ಬರಂಗಿಲ್ಲ. ಅಡ್ಡ ಬಂತಂದ್ರ ಅದು ಶನಿವಾರ ಅಲ್ಲ." ಮೊದಲು ಮೇಕೆಗೆ ಸೊಪ್ಪು ಹಾಕಿ ಆಮೇಲೆ ನೀವು ತಿಂಡಿಗೆ ಕೂರುವುದು ಯಾಕೆ? "ಅದರ ಹಸಿವು ಅದಕ್ಕ ಹೇಳಾಕ ಬರೋದಿಲ್ಲಲ್ಲ." ಎಷ್ಟೋ ಸಲ ಉತ್ತರದ ಬದಲು ಅವರೇ ಇನ್ನೊಂದು ಪ್ರಶ್ನೆ ಹಾಕುವರು. ಒಂದು ದಿನ ಬಳೆಗಾರ ಬಂದಾಗ ಸುಮ್ಮನೆ ಹಸಿರು ಬಳೆಯ ಬೆಲೆ ಕೇಳಿ ಕಳಿಸಿದೆ. ಬಾಬಾ ಮುಖ ಗಂಟು ಹಾಕಿದರು.

"ಕೊಳ್ಳೂ ಮನಸ್ಸಿಲ್ಲಂದ್ರ ಬೆಲೆ ಕೇಳಬಾರದು."

"ಕೇಳಿದರೆ ಏನು ಹೋಯ್ತು ಬಾಬಾ?"

"ನೀ ಕೇಳಿದ ಕೂಡಲೆ ಅವನ ಹೊಟ್ಯಾಗ ಒಂದು ಆಸೆ ಹುಟ್ಟಿತು. ಅದನ್ನ ಯಾರು ಕೊಂಡರು?"

ಅವತ್ತು ಪದ್ಮಕ್ಕನೂ ಜಗಲಿಯ ತುದಿಯಲ್ಲಿ ಕೂತಿದ್ದಳು, ಮಡಿಲಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತ. ನಾನು ಎಷ್ಟೋ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಅಂದು ಕೇಳಿದೆ. ಕಾಣೆಯಾದವನಿಗೆ ನಮ್ಮಲ್ಲಿ ಹನ್ನೆರಡು ವರ್ಷ ಕಾಯುತ್ತಾರೆ, ಆಮೇಲೆ ದರ್ಭೆಯಲ್ಲಿ ಆಳಿನ ಆಕಾರ ಮಾಡಿ ಸುಡುತ್ತಾರೆ. ನಿಮ್ಮಲ್ಲಿ ಎಷ್ಟು ವರ್ಷ?

ಬಾಬಾ ಒಳಬಾಗಿಲ ಕಡೆ ಒಮ್ಮೆ ನೋಡಿದರು. "ವರ್ಷದ ಲೆಕ್ಕ ಇಲ್ಲ ತಂಗಿ. ಮುದುಕಿ ಆದರೂ ಕಾಯಬೇಕು. ಸತ್ತಾನ ಅನ್ನೋ ಸಾಕ್ಷಿ ಬೇಕು." ಹುಬ್ಬಳ್ಳಿಯಲ್ಲಿ ಅವರ ಪೈಕಿಯೇ ಒಬ್ಬ ಕಾಂಪೌಂಡರ್, ಹೆಂಡತಿ ಹೋದವನು, ಎಸ್ತರಕ್ಕನನ್ನು ಕೇಳಿಕಳಿಸಿದ್ದಾನೆ ಅನ್ನುವುದು ನನಗೆ ಗೊತ್ತಿತ್ತು. ಆ ಮಾತು ಬಂದಾಗ ಅವಳು ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. "ಹೆಣ್ಣುಮಗಳು ಹಂಗ ಸಿಕ್ಕಿಹಾಕ್ಕೋಬಾರದು ಅಂತ ನಮ್ಮ ಹಿರೇರು ಭಾಳ ಸಡ್ಲ ಮಾಡ್ಯಾರ" ಅಂತ ಬಾಬಾ ಮುಂದುವರಿಸಿದರು. " ಬ್ಯಾರೆ ವ್ಯವಹಾರಕ್ಕ ಇಬ್ಬರು ಸಾಕ್ಷಿ ಬೇಕು. ಇದಕ್ಕ ಒಬ್ಬ ಸಾಕು. ಹೆಂಗಸಾದರೂ ನಡೀತದ. ನಮ್ಮವ ಅಲ್ಲದವನೂ ನಡೀತದ. ಆದರ ಅವ ತಾನಾಗೇ ಹೇಳಬೇಕು. ಮಾತಿನಾಗ ಮಾತು ಬಂದಂಗ. ಇಂಥವ ಸತ್ತ, ನಾನ ಮಣ್ಣು ಮಾಡಿದೆ ಅಂತ. ನಾವು ಕೇಳಿ ಹೇಳಿಸಿದರ ಅದು ಸಾಕ್ಷಿ ಅಲ್ಲ."

"ಕೇಳಿದರೆ ಯಾಕಾಗಲ್ಲ?"

"ಕೇಳಿದವರ ಮುಖ ನೋಡಿ ಮಂದಿ ಉತ್ತರಾ ಕೊಡ್ತಾರ, ಹೌದಿಲ್ಲೋ?"

ಮನೆಗೆ ಬಂದ ಮೇಲೆ ಪದ್ಮಕ್ಕ ಮೊರ ಕೆಳಗಿಟ್ಟು, "ಅವರ ಶಾಸ್ತ್ರ ಬಿಡಿಸೋದಕ್ಕೆ ಸಾಕ್ಷಿ ಹುಡುಕುತ್ತೆ" ಅಂದಳು. "ನನಗೆ ಸಾಕ್ಷಿ ಸಿಕ್ಕಿತೋ, ಅವತ್ತೇ ಈ ಕುಂಕುಮ ಹೋಯ್ತು, ತಲೆಗೆ ಕತ್ತಿ ಬಂತು."

ಗಂಡ ಸತ್ತ ನನ್ನ ಅತ್ತಿಗೆಯೊಬ್ಬಳನ್ನು ತಲೆ ಬೋಳಿಸಿ ಕೂರಿಸಿದ್ದನ್ನು ನಾವಿಬ್ಬರೂ ನೋಡಿದ್ದೆವು.

ಆಷಾಢದಲ್ಲಿ ನನ್ನ ಯಜಮಾನರು ಕಾರ್ಖಾನೆಯಿಂದ ಒಂದು ಸುದ್ದಿ ತಂದರು. ಇದ್ದಿಲು ಇಳಿಸುವವರಲ್ಲಿ ಮುನುಸಾಮಿ ಅಂತ ಒಬ್ಬ ಬರ್ಮಾದಿಂದ ನಡೆದು ಬಂದವನಂತೆ. ಇವರು ಬರ್ಮಾ ಅನ್ನುತ್ತಿದ್ದ ಹಾಗೆಯೇ ಅವನು ಬುಟ್ಟಿ ಎತ್ತಿಕೊಂಡು ಎದ್ದು ಹೋದನಂತೆ. "ಯಾರು ಕೇಳಿದರೂ ಹಾಗೇ ಮಾಡ್ತಾನಂತೆ. ಎಷ್ಟೊಂದು ಜನ ನಡೆದು ಬಂದಿದಾರೆ, ಅವನಿಗೆ ನಮ್ಮವರು ಗೊತ್ತಿರ್ತಾರೆ ಅಂತ ಏನು?" ಅಂತ ಅವರು ಕೈಬಿಟ್ಟರು.

ನನ್ನಿಂದ ಕೈಬಿಡಲಾಗಲಿಲ್ಲ. ಮಳೆಗಾಲಕ್ಕೆ ಸೌದೆ ಒಡೆಸುವುದಿತ್ತು. ಅವನನ್ನೇ ಕರೆಸಬಹುದು. ಆದರೆ ಹಾಗೆ ಕರೆಸುವುದೂ ಕೇಳಿದ ಹಾಗೆಯೇ ಆಗುತ್ತದೋ ಏನೋ ಅಂತ ಬಾಬಾ ಹತ್ತಿರ ಹೋದೆ. ಬರ್ಮಾದವನು ಅಂದ ಕೂಡಲೇ ಅವರ ಕೈಯಲ್ಲಿದ್ದ ಉಳಿ ನಿಂತಿತು.

"ಸೌದಿ ಒಡಸಾಕ ಕರೀತಿಯೋ, ಮಾತಾಡಸಾಕ ಕರೀತಿಯೋ?"

"ಸೌದೆ ನಿಜವಾಗಿ ಬೇಕು ಬಾಬಾ."

"ಬೇಕಿದ್ದರ ಕರಿ." ಆಮೇಲೆ ನಾನು ಗೇಟು ದಾಟುವಾಗ ಹಿಂದಿನಿಂದ ಕೂಗಿದರು. "ತಂಗಿ, ಏನೂ ಕೇಳಬ್ಯಾಡ. ನನ್ನ ಆಣೆ. ಎಸ್ತರಗೂ ಹೇಳಬ್ಯಾಡ."

ಮುನುಸಾಮಿ ಬಂದ. ಕಪ್ಪಗೆ, ಒಣಗಿದ ಕೊರಡಿನ ಹಾಗಿದ್ದ, ನಡುವಯಸ್ಸಿನವನು. ಎರಡು ಮೂರು ವಾರ, ಬಿಡುವಿದ್ದಾಗ ಬಂದು ಹಿತ್ತಲಲ್ಲಿ ಸೌದೆ ಒಡೆದು ಹೋಗುತ್ತಿದ್ದ. ನಾನು ಕಾಫಿ ಕೊಡುತ್ತಿದ್ದೆ, ಮಳೆಯ ಮಾತಾಡುತ್ತಿದ್ದೆ, ಅವನ ಕಾಲಿನ ಹುಣ್ಣಿಗೆ ಎಸ್ತರಕ್ಕನ ಹತ್ತಿರ ಮುಲಾಮು ತಂದುಕೊಟ್ಟೆ. ಕೇಳಬಾರದ ಪ್ರಶ್ನೆ ನಾಲಿಗೆಯ ತುದಿಗೆ ಬಂದು ಬಂದು ಹೋಗುತ್ತಿತ್ತು. ಪದ್ಮಕ್ಕ ಅವನು ಬಂದಾಗೆಲ್ಲ ಒಳಗಿನ ಕೋಣೆ ಸೇರಿಬಿಡುವಳು. ಅವನು ಯಾರು ಅನ್ನುವುದು ಅವಳಿಗೂ ಗೊತ್ತಿತ್ತು.

ಅವತ್ತು ಶನಿವಾರ. ಬೆಳಗಿನ ಹೊತ್ತು. ಇದ್ದಕ್ಕಿದ್ದ ಹಾಗೆ ಜೋರು ಮಳೆ ಬಂದು ಮುನುಸಾಮಿ ಕೊಡಲಿ ಬಿಟ್ಟು ಮುಂದಿನ ಜಗಲಿಗೆ ಓಡಿ ಬಂದ. ನನಗೆ ಮತ್ತೆ ಸ್ವಲ್ಪ ಚಳಿಜ್ವರ, ಕಂಬಳಿ ಹೊದ್ದು ಬಾಗಿಲಲ್ಲಿ ಕೂತಿದ್ದೆ. ಹಾಗಾಗಿ ಕಾಫಿ ತಂದವಳು ಪದ್ಮಕ್ಕ. ಬೀದಿಯ ಎಲ್ಲ ಮನೆಯ ಹೆಂಚಿನ ಮೇಲೂ ಹೊಗೆ ಎದ್ದಿತ್ತು. ಮುನುಸಾಮಿ ಎದುರು ಮನೆಯನ್ನೇ ನೋಡುತ್ತಿದ್ದ.

"ಆ ಮನೇಲಿ ಯಾಕಮ್ಮ ಒಲೆ ಹಚ್ಚಿಲ್ಲ? ಕಾಯಿಲೆಯಾ?"

"ಇಲ್ಲ. ಶನಿವಾರ ಅವರು ಹಚ್ಚಲ್ಲ" ಅಂದೆ.

ಅವನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. ಆಮೇಲೆ, ತನಗೆ ತಾನೇ ಹೇಳಿಕೊಳ್ಳುವವನ ಹಾಗೆ, "ನಮ್ಮ ಮಿಲ್ಲಲ್ಲೂ ಒಬ್ಬ ಮೇಸ್ತ್ರಿ ಇದ್ದನಮ್ಮ" ಅಂದ. "ಶನಿವಾರ ಸುತ್ತಿಗೆ ಮುಟ್ಟಲ್ಲ ಅಂತ ದೊರೆ ಹತ್ರ ಜಗಳ ಆಡಿ ಭಾನುವಾರ ಮಾಡೋನು. ಸ್ಯಾಮ್ಸನ್ ಮೇಸ್ತ್ರಿ. ಈ ಭದ್ರಾವತಿ ಹೆಸರು ನನಗೆ ಹೇಳಿದ್ದೇ ಅವನು. ಅದೇ ನೆನಪಲ್ಲಿ ನಾನಿಲ್ಲಿಗೆ ಬಂದೆ. ಎಡಗೈ ಕಿರುಬೆರಳು ಅರ್ಧ ಇಲ್ಲ, ಇಲ್ಲೇ ಮಿಷನ್ನಿಗೆ ಸಿಕ್ಕಿ ಹೋಗಿದ್ದಂತೆ. ದಾರೀಲಿ ವಾಂತಿಭೇದಿ ಬಂತು. ಎರಡು ದಿನ ಬೆನ್ನ ಮೇಲೆ ಹೊತ್ತೆ. ಮೂರನೇ ದಿನ ನನ್ನ ಬೆನ್ನ ಮೇಲೇ ಹೋದ. ಎಷ್ಟೋ ಹೆಣ ಹಾಗೇ ದಾರೀಲಿ ಬಿದ್ದಿತ್ತಮ್ಮ. ಇವನನ್ನ ಮಾತ್ರ ನಾನು ಬಿಡಲಿಲ್ಲ. ಒಂದು ಹಳ್ಳದ ದಡದಲ್ಲಿ ನನ್ನ ಕೈಯಾರೆ ಮಣ್ಣು ಮಾಡಿದೆ."

ನನಗೆ ಕಂಬಳಿಯೊಳಗೆ ಹಲ್ಲು ಕಟಕಟ ಅನ್ನುತ್ತಿತ್ತು. ಜ್ವರಕ್ಕೋ ಮಾತಿಗೋ ತಿಳಿಯದು. ಪದ್ಮಕ್ಕ ಕಂಬ ಹಿಡಿದು ನಿಂತಿದ್ದಳು.

"ಅದೇ ಮಿಲ್ಲಲ್ಲಿ ಈ ಕಡೆಯ ಒಬ್ಬರು ಐಯರು ಇದ್ದರು, ಗುಮಾಸ್ತರು" ಅಂದ ಮುನುಸಾಮಿ. "ಹೊರಡೋ ದಿನ ಮೇಸ್ತ್ರಿ ಅವರ ಮನೆಗೇ ಹೋಗಿ, ಬನ್ನಿ ಸ್ವಾಮಿ, ಬನ್ನಿ ಸ್ವಾಮಿ ಅಂತ ಕೈ ಹಿಡಿದು ಎಳೆದ. ಆ ಐಯರು..."

"ಮುನುಸಾಮಿ" ಅಂದಳು ಪದ್ಮಕ್ಕ.

ಗಟ್ಟಿಯಾಗೇನೂ ಅನ್ನಲಿಲ್ಲ. ಅವನು ತಲೆ ಎತ್ತಿ ನೋಡಿದ. ಅವಳ ಮುಖ ನೋಡಿದ, ಹಣೆಯ ಕುಂಕುಮ ನೋಡಿದ.

"ಕಾಫಿ ಆರ್ತಿದೆ. ಕುಡಿ."

ಅವನು ಕುಡಿದ. ಲೋಟ ತೊಳೆದು ಬೋರಲು ಹಾಕಿದ. ಮಳೆ ನಿಂತಿರಲಿಲ್ಲ, ಆದರೂ ಹಿತ್ತಲಿಗೆ ಹೋಗಿ ಕೊಡಲಿ ಎತ್ತಿಕೊಂಡ. ಒದ್ದೆ ಸೌದೆಯ ಮೇಲೆ ಏಟು ಬೀಳುವ ಶಬ್ದ ಬಹಳ ಹೊತ್ತು ಕೇಳುತ್ತಿತ್ತು.

ನಾನು ಕಂಬಳಿ ಎಸೆದು ಎದುರು ಮನೆಗೆ ಓಡಲು ಎದ್ದೆ. ಪದ್ಮಕ್ಕ ತೋಳು ಹಿಡಿದಳು. "ಇವತ್ತು ಶನಿವಾರ. ಈ ದಿನ ದುಃಖದ ಸುದ್ದಿ ಹೇಳಬಾರದು ಅಂತ ಅವರಲ್ಲಿದೆ ಅಂದಿದ್ದೆಯಲ್ಲ. ನಾಳೆ ಹೇಳು. ಮೇಸ್ತ್ರಿ ವಿಷಯ ಅಷ್ಟನ್ನೇ ಹೇಳು. ನಿನ್ನ ಗಂಡನಿಗೂ ಅಷ್ಟೇ."

ಆ ಇಡೀ ದಿನ ನಾವಿಬ್ಬರೂ ಹೊಗೆಯಿಲ್ಲದ ಆ ಮನೆಯನ್ನು ನೋಡುತ್ತ ಕೂತೆವು. ಎಸ್ತರಕ್ಕ ಡ್ಯೂಟಿ ಮುಗಿಸಿ ಬಂದವಳು ಕೊಡೆ ಮಡಚುತ್ತ ನಮ್ಮ ಕಡೆ ನೋಡಿ ನಕ್ಕಳು. ಸಂಜೆ ಗಾಳಿಗೆ ಅವರ ಗೇಟು ತಾನಾಗಿಯೇ ತೆರೆದು ಬಡಿಯಿತು. ತಂದೆ ಮಗಳು ತಲೆ ಎತ್ತಿದ್ದು ನಮಗೆ ಇಲ್ಲಿಂದಲೇ ಕಂಡಿತು. ಅಲ್ಲಿ ಯಾರೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಹೋಗಿ ಬಾಬಾಗೆ ಹೇಳಿದೆ. ಒಂದು ಪದ ಹೆಚ್ಚು ಕಡಿಮೆ ಮಾಡದೆ ಹೇಳು ಅಂದರು, ಹಾಗೆಯೇ ಹೇಳಿದೆ. ಅರ್ಧ ಬೆರಳಿನ ಮಾತು ಬಂದಾಗ ಒಳಬಾಗಿಲಲ್ಲಿ ನಿಂತಿದ್ದ ಎಸ್ತರಕ್ಕ ಹಾಗೇ ಗೋಡೆಗೆ ಒರಗಿದಳು.

"ನೀ ಏನರ ಕೇಳಿದೇನು?"

"ಇಲ್ಲ ಬಾಬಾ. ಒಲೆ ಯಾಕೆ ಹಚ್ಚಿಲ್ಲ ಅಂತ ಅವನೇ ಕೇಳಿದ."

"ಮುಂದ ಏನಂದ?"

"ಮುಂದೆ... ಪದ್ಮಕ್ಕ ಕಾಫಿ ಕುಡಿ ಅಂದಳು."

ಬಾಬಾ ನನ್ನನ್ನು ನೋಡಿದರು. ನಮ್ಮ ಮನೆಯ ಕಡೆ ನೋಡಿದರು. ಯಾವುದಕ್ಕೂ ಪ್ರಶ್ನೆ ಹಾಕುವ ಮನುಷ್ಯ, ಆ ಒಂದನ್ನು ಕೇಳಲಿಲ್ಲ.

ಈ ಸಾಕ್ಷಿ ನಡೆಯುತ್ತದೆ ಅನ್ನುವುದಕ್ಕೆ ಅವರ ಹಿರಿಯರ ಅಪ್ಪಣೆ ಬೇಕಿತ್ತು. ಬಾಬಾ ಮುಂಬಯಿಗೆ ಹೋದರು. ಅವರು ಬರುವ ತನಕ ಎಸ್ತರಕ್ಕ ಅಳಲಿಲ್ಲ; ಅಪ್ಪಣೆಯಾಗುವ ಮೊದಲು ಅಳುವುದೂ ತಪ್ಪೇನೋ ಅನ್ನುವ ಹಾಗೆ ಆಸ್ಪತ್ರೆಗೆ ಹೋದಳು, ಬಂದಳು. ಬಾಬಾ ತಿರುಗಿ ಬಂದು, ಸಾಕ್ಷಿಯನ್ನು ಒಪ್ಪಿದರು ಅಂದರು. ಹತ್ತಿರದ ಸಾವಾದರೆ ಅವರಲ್ಲಿ ಏಳು ದಿನ ನೆಲದ ಮೇಲೆ ಕೂರುತ್ತಾರೆ. ಸತ್ತು ತಿಂಗಳು ದಾಟಿದ ಮೇಲೆ ಸುದ್ದಿ ಬಂದರೆ ಒಂದು ಗಂಟೆ ಕೂತರೆ ಸಾಕು.

"ಒಂದೇ ಗಂಟೆಯಾ?" ಅಂದೆ. ನನಗೆ ಸಿಟ್ಟೇ ಬಂತು. ಅಷ್ಟು ಕಾದವಳಿಗೆ!

"ಸತ್ತವನನ್ನ ಎಲ್ಲಿ ಇಡಬೇಕೋ ಅಲ್ಲಿ ಇಡಾಕ ಒಂದು ತಾಸು ಸಾಕಂತ, ತಂಗಿ" ಅಂದರು ಬಾಬಾ. "ನನಗೂ ತಿಳೀವಲ್ದು."

ಎಸ್ತರಕ್ಕ ಚಪ್ಪಲಿ ಬಿಟ್ಟು, ಚಾಪೆಯನ್ನೂ ಹಾಸದೆ ಬರಿ ನೆಲದ ಮೇಲೆ ಕೂತಳು. ಬಾಬಾ ಗೋಡೆಯ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ನಾನು ಜಗಲಿಯಲ್ಲಿ ನಿಂತಿದ್ದೆ. ಆಗ ಪದ್ಮಕ್ಕ ಬಂದಳು. ಅದುವರೆಗೆ ಆ ಮನೆಯ ಹೊಸ್ತಿಲು ದಾಟಿದವಳಲ್ಲ. ಮಡಿ ಮೈಲಿಗೆ ಅಂತ ಜಗಲಿಯ ತುದಿಯಲ್ಲೇ ಕೂರುತ್ತಿದ್ದವಳು. ನೇರ ಒಳಗೆ ಹೋಗಿ ಎಸ್ತರಕ್ಕನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವ ಹಾಗೆ, ನೆಲದ ಮೇಲೆ ಕೂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು.

ಮೊದಲು ಅತ್ತವಳು ಎಸ್ತರಕ್ಕ. ಆಮೇಲೆ ಪದ್ಮಕ್ಕ. ಅಂಥ ಅಳುವನ್ನು ನಾನು ಅವಳಿಂದ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಎಸ್ತರಕ್ಕ ತನ್ನ ಅಳು ನಿಲ್ಲಿಸಿ ಅವಳನ್ನು ತಬ್ಬಿಕೊಂಡಳು. ಯಾರಿಗಾಗಿ ಅಳುತ್ತೀಯ ಅಂತ ಯಾರೂ ಕೇಳಲಿಲ್ಲ. ಗಂಟೆಯಾಯಿತು ಅಂತ ಬಾಬಾ ಹೇಳಿದಾಗ ಇಬ್ಬರೂ ಎದ್ದರು. ಪದ್ಮಕ್ಕ ಮನೆಗೆ ಬಂದು ಬಾವಿಕಟ್ಟೆಯಲ್ಲಿ ತಲೆಗೆ ಸ್ನಾನ ಮಾಡಿ, ಕನ್ನಡಿ ಮುಂದೆ ನಿಂತು, ಎಂದಿನಷ್ಟೇ ದೊಡ್ಡದಾಗಿ ಕುಂಕುಮ ಇಟ್ಟುಕೊಂಡಳು. ಮರುದಿನ ಶಿವಮೊಗ್ಗದ ರೈಲು ಹತ್ತಿದಳು.

ದೀಪಾವಳಿಗೆ ಊರಿಗೆ ಹೋದ ಮುನುಸಾಮಿ ಮತ್ತೆ ಬರಲಿಲ್ಲ. ಎಸ್ತರಕ್ಕ ಮರುವರ್ಷ ಆ ಕಾಂಪೌಂಡರನ್ನು ಮದುವೆಯಾಗಿ ಹುಬ್ಬಳ್ಳಿಗೆ ಹೋದಳು. ಸುಖವಾಗಿದ್ದಳು, ಇಬ್ಬರು ಮಕ್ಕಳಾದರು. ಬಾಬಾ ಅಲ್ಲೇ ತೀರಿಕೊಂಡರು. ಎದುರು ಮನೆಗೆ ಬೇರೆಯವರು ಬಂದರು. ಮೊದಲ ಶನಿವಾರ ಆ ಹೆಂಚಿನಿಂದ ಹೊಗೆ ಏಳುವುದನ್ನು ಕಂಡು ನನಗೆ ಏನೋ ಅಪಚಾರವಾದ ಹಾಗನ್ನಿಸಿ ಬಾಗಿಲು ಹಾಕಿಕೊಂಡೆ.

ದುರ್ಗಿಗುಡಿಯಲ್ಲಿ ಅತ್ತೆ ಸಾಯುವ ತನಕ ಮಗನಿಗೆ ಎಲೆ ಹಾಕಿದರು, ಪದ್ಮಕ್ಕ ಅದರ ಪಕ್ಕದಲ್ಲಿ ಕೂತು ಉಂಡಳು. ಹನ್ನೆರಡು ವರ್ಷ ತುಂಬಿದಾಗ ಪುರೋಹಿತರು ಮಾತೆತ್ತಿದರು. ಅಷ್ಟರಲ್ಲಿ ಕಾಲ ಬದಲಾಗಿತ್ತು, ತಲೆಗೆ ಕತ್ತಿ ತರುವವರು ಯಾರೂ ಉಳಿದಿರಲಿಲ್ಲ. ತುಂಗೆಯ ದಡದಲ್ಲಿ ಅವಳ ಮೈದುನ ದರ್ಭೆಯ ಆಕಾರಕ್ಕೆ ಬೆಂಕಿ ಇಟ್ಟ. ಒಣಹುಲ್ಲು, ಒಂದು ಕ್ಷಣದಲ್ಲಿ ಉರಿದು ಮುಗಿಯಿತು. ಪದ್ಮಕ್ಕ ಅಳಲಿಲ್ಲ. ಕಲ್ಲಿನ ಮನಸ್ಸು ಅಂತ ಹಿಂದೆ ಯಾರೋ ಪಿಸುಗುಟ್ಟಿದರು.

ನಾವಿಬ್ಬರೂ ಮೆಟ್ಟಿಲ ಮೇಲೆ ಕೂತಿದ್ದೆವು. ಸಮಾಧಾನಕ್ಕೆ ಅಂತ ಅಂದೆ: "ಅವತ್ತು ಮುನುಸಾಮಿ ಬಾಯಿ ಮುಚ್ಚಿಸಿದ್ದು ಒಳ್ಳೇದೇ ಆಯ್ತು ಪದ್ಮಕ್ಕ. ಆಗಲೇ ಗೊತ್ತಾಗಿದ್ದರೆ ನಿನ್ನ ತಲೆ ಬೋಳಿಸಿ ಮೂಲೇಲಿ ಕೂರಿಸ್ತಿದ್ದರು."

ಅವಳು ತಿರುಗಿ ನನ್ನನ್ನು ನೋಡಿದಳು. "ಇಷ್ಟು ವರ್ಷ ಹಾಗೆ ತಿಳ್ಕೊಂಡಿದ್ದೆಯಾ? ಕೂದಲಿಗೆ ಹೆದರಿದೆ ಅಂತ?"

"ಮತ್ತೆ?"

"ಸತ್ತರು ಅಂತ ಅವನು ಅಂದಿದ್ದರೆ ಕೇಳಿಸ್ಕೋತಿದ್ದೆ ಕಣೆ. ಅದಕ್ಕೆ ನಾನು ಯಾವತ್ತೋ ತಯಾರಾಗಿದ್ದೆ. ಮೇಸ್ತ್ರಿ ಅವರ ಮನೆಗೆ ಹೋದ ಅಂದನಲ್ಲ, ಅವರ ಮನೆಗೆ. ಕೈ ಹಿಡಿದು ಎಳೆದರೂ ಐಯರು ಬರಲಿಲ್ಲ, ಅಲ್ಲಿ ಹೆಂಡತಿ ಇದ್ದಳು, ಮಗು ಇತ್ತು ಅಂತ ಅಂದುಬಿಟ್ಟಿದ್ದರೆ?"

ನಾನು ಉರಿದ ದರ್ಭೆಯ ಬೂದಿಯ ಕಡೆ ನೋಡಿದೆ.

"ಅದಕ್ಕೇ ಅವತ್ತು ಎಸ್ತರ್ ಪಕ್ಕ ಹೋಗಿ ಕೂತೆ" ಅಂದಳು. "ಅವಳ ಗಂಡನ ಜೊತೆ ನನ್ನ ಗಂಡನನ್ನೂ ಮಣ್ಣು ಮಾಡಿ ಬಂದೆ."

ಪುರೋಹಿತರು ಸ್ನಾನಕ್ಕೆ ಕೂಗಿದರು. ಪದ್ಮಕ್ಕ ಎದ್ದು, ಸೆರಗು ಬಿಗಿದು, ಒಂದೊಂದೇ ಮೆಟ್ಟಿಲು ಇಳಿದು ಸೊಂಟದ ತನಕ ನೀರಿನಲ್ಲಿ ನಿಂತಳು. ಮುಳುಗುವ ಮೊದಲು ಒಂದು ಸಲ ತಲೆ ಎತ್ತಿ ಸೇತುವೆಯ ಕಡೆ ನೋಡಿದಳು. ನಾನೂ ನೋಡಿದೆ. ಯಾರೋ ಒಬ್ಬರು ಆ ದಡದಿಂದ ಈ ದಡಕ್ಕೆ ನಿಧಾನವಾಗಿ ನಡೆದು ಬರುತ್ತಿದ್ದರು. ಅಷ್ಟು ದೂರದಿಂದ ಮುಖ ಕಾಣುತ್ತಿರಲಿಲ್ಲ.